ಸಣ್ಣ ವ್ಯಾಪಾರದ ವೆಬ್‌ಸೈಟ್, ಇಮೇಲ್, ಪ್ರಚಾರ: ಪದೇ ಪದೇ ಕೇಳುವ ಪ್ರಶ್ನೆಗಳು

ಮಂಗಳೂರಿನಿಂದ ಕುಂದಾಪುರದವರೆಗೆ ಅಂಗಡಿ, ಹೋಮ್‌ಸ್ಟೇ, ಕ್ಯಾಟರಿಂಗ್, ಗೇರುಬೀಜದ ಫ್ಯಾಕ್ಟರಿ, ಹಂಚಿನ ಡೀಲರ್, ಟ್ಯಾಕ್ಸಿ ಇಟ್ಟುಕೊಂಡವರಿಗೆ ವೆಬ್‌ಸೈಟ್, ಇಮೇಲ್ ಮಾಡಿಕೊಡುವುದು ನನ್ನ ಕೆಲಸ. ಹೆಚ್ಚಿನವರು ಬರುವುದು ಆಟಿಯಲ್ಲಿ, ಅಂದರೆ ಮಳೆಗಾಲದ ತುಳು ತಿಂಗಳಿನಲ್ಲಿ. ಹೊರಗೆ ಮಳೆ, ಒಳಗೆ ಗಿರಾಕಿ ಇಲ್ಲ, ಆಗ ವೆಬ್‌ಸೈಟ್ ನೆನಪಾಗುತ್ತದೆ. ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಅವೇ ಆದ್ದರಿಂದ ಇಲ್ಲಿ ಬರೆದಿಟ್ಟಿದ್ದೇನೆ. ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಬಿಟ್ಟಿದ್ದೇನೆ.

ವಾಟ್ಸಾಪ್ ಉಂಟು, ಇನ್‌ಸ್ಟಾಗ್ರಾಂ ಉಂಟು. ಇನ್ನು ವೆಬ್‌ಸೈಟ್ ಎಂತಕ್ಕೆ?

ಎಲ್ಲರಿಗೂ ಬೇಕಾಗಿಲ್ಲ. ಶಂಕರಪುರದ ಕಡೆಯಿಂದ ಮಲ್ಲಿಗೆ ಬೆಳೆಯುವವರೊಬ್ಬರು ಬಂದು ವೆಬ್‌ಸೈಟ್ ಕೇಳಿದ್ದರು. ಅಟ್ಟೆಯ (ಮಲ್ಲಿಗೆ ಮಾರುವ ಅಳತೆ) ದರ ದಿನದಿನಕ್ಕೆ ಬದಲಾಗುತ್ತದೆ, ಬೆಳಿಗ್ಗೆ ಕೊಯ್ದ ಹೂ ಅದೇ ದಿನ ಕೈಬಿಡಬೇಕು, ಕೊಳ್ಳುವವರು ವರ್ಷಗಳಿಂದ ಗೊತ್ತಿದ್ದವರೇ. ‘ನಿಮಗೆ ವಾಟ್ಸಾಪ್ ಬಿಸಿನೆಸ್ ಸಾಕು, ದುಡ್ಡು ಉಳಿಸಿ’ ಎಂದು ಹೇಳಿ, ಚಹಾ ಕುಡಿಸಿ ಕಳುಹಿಸಿದೆ.

ನಿಮ್ಮ ಮುಖವನ್ನೇ ನೋಡದವರು ಹುಡುಕಿಕೊಂಡು ಬರಬೇಕಾದ ವ್ಯಾಪಾರವಾದರೆ ಲೆಕ್ಕ ಬೇರೆ. ಊರಿನ ಮದುವೆಗೆ ಅಡಿಗೆಯವರನ್ನು ಮುಂಬೈಯಲ್ಲಿ ಕೂತು ಹುಡುಕುವವರಿದ್ದಾರೆ, ಮಂಗಳೂರು ಹಂಚು ಎಲ್ಲಿ ಸಿಗುತ್ತದೆ ಎಂದು ಪುಣೆಯಿಂದ ಹುಡುಕುವ ಆರ್ಕಿಟೆಕ್ಟ್‌ಗಳಿದ್ದಾರೆ. ಅವರ ಫೋನಿನಲ್ಲಿ ನಿಮ್ಮ ನಂಬರ್ ಇಲ್ಲ. ನಿಮ್ಮ ವಾಟ್ಸಾಪ್ ಬ್ರಾಡ್‌ಕಾಸ್ಟ್ ತಲುಪುವುದು ನಿಮ್ಮ ನಂಬರನ್ನು ಸೇವ್ ಮಾಡಿಕೊಂಡವರಿಗೆ ಮಾತ್ರ.

ಇನ್ನೊಂದು, ಇನ್‌ಸ್ಟಾಗ್ರಾಂ ಪೇಜ್ ಎಂದರೆ ಬಾಡಿಗೆ ಜಾಗ. ಗೂಗಲ್ ಒಂದು ಕಾಲಕ್ಕೆ ಅಂಗಡಿಯವರಿಗೆಂದು ಪುಕ್ಕಟೆ ವೆಬ್‌ಸೈಟ್ ಕೊಡುತ್ತಿತ್ತು, ಬಿಸಿನೆಸ್ ಪ್ರೊಫೈಲ್ (ಮ್ಯಾಪಿನಲ್ಲಿ ಕಾಣುವ ಅಂಗಡಿಯ ವಿವರ) ಜೊತೆಗೇ. 2024ರ ಮಾರ್ಚಿನಲ್ಲಿ ಅವೆಲ್ಲವನ್ನೂ ಮುಚ್ಚಿತು. ಮೂರು ತಿಂಗಳು ಬಂದವರನ್ನು ಪ್ರೊಫೈಲಿಗೆ ದಾಟಿಸಿ, ಜೂನ್‌ನಲ್ಲಿ ಅದನ್ನೂ ನಿಲ್ಲಿಸಿತು. ಆ ವಿಳಾಸವನ್ನು ವಿಸಿಟಿಂಗ್ ಕಾರ್ಡಿನಲ್ಲಿ, ಟೆಂಪೋದ ಹಿಂದೆ ಬರೆಸಿಕೊಂಡವರು ಪೇಂಟರನ್ನು ಕರೆಯಬೇಕಾಯಿತು.

ಮೊದಲು ಎಂತ ಮಾಡಬೇಕು?

ಗೂಗಲ್ ಮ್ಯಾಪಿನಲ್ಲಿ ಅಂಗಡಿ ಸರಿಯಾಗಿ ಕಾಣಲಿ, ಅದಕ್ಕೆ ದುಡ್ಡಿಲ್ಲ. ಆಮೇಲೆ ಡೊಮೇನ್, ಅಂದರೆ ನಿಮ್ಮ ಸೈಟಿನ ವಿಳಾಸದ ಹೆಸರು. ಆಮೇಲೆ ಅದೇ ಹೆಸರಿನ ಇಮೇಲ್. ವೆಬ್‌ಸೈಟ್ ಕೊನೆಗೆ. ಹೆಚ್ಚಿನವರು ಇದನ್ನು ತಲೆಕೆಳಗು ಮಾಡುತ್ತಾರೆ: ಬಣ್ಣ, ಲೋಗೋ, ಬ್ಯಾನರ್ ಎಂದು ಆರು ತಿಂಗಳು ಕಳೆದು, ಹೆಸರು ತೆಗೆದುಕೊಳ್ಳಲು ಹೋದಾಗ ಅದು ಇನ್ಯಾರದ್ದೋ ಪಾಲಾಗಿರುತ್ತದೆ.

ಡೊಮೇನ್ ಹೆಸರು ಹೇಗೆ ಇಡುವುದು? ಡಾಟ್ ಕಾಮಾ, ಡಾಟ್ ಇನ್ನಾ?

ಎರಡೂ ಆದೀತು. ಡಾಟ್ ಇನ್ ಭಾರತದ್ದು, ಅದರ ಆಡಳಿತ ನಿಕ್ಸಿ ಎಂಬ ಸಂಸ್ಥೆಯದ್ದು. ಡಾಟ್ ಕಾಮ್ ಎಲ್ಲರ ಬಾಯಲ್ಲಿ ಇರುವುದು. ಎರಡೂ ಸಿಕ್ಕಿದರೆ ಎರಡನ್ನೂ ತೆಗೆದಿಡಿ.

ಹೆಸರಿಗೆ ನನ್ನ ಪರೀಕ್ಷೆ ಒಂದೇ. ಕಂಕನಾಡಿ ಮಾರ್ಕೆಟಿನ ಗಲಾಟೆಯಲ್ಲಿ ನಿಂತು ಫೋನಿನಲ್ಲಿ ಒಮ್ಮೆ ಹೇಳಿ, ಆ ಕಡೆಯವರು ಬರೆದುಕೊಂಡದ್ದು ಸರಿ ಇದೆಯೇ ನೋಡಿ. ನಮ್ಮ ಹೆಸರುಗಳಿಗೆ ಇಂಗ್ಲಿಷ್ ಕಾಗುಣಿತ ಒಂದೇ ಅಲ್ಲ. ‘ಶ್ರೀ’ ಎಂಬುದನ್ನೇ ಮೂರು ಜನ ಮೂರು ತರ ಬರೆಯುತ್ತಾರೆ. ‘ದುರ್ಗಾಪರಮೇಶ್ವರಿ ಎಂಟರ್‌ಪ್ರೈಸಸ್’ ಎಂಬ ಭಕ್ತಿಯ ಹೆಸರನ್ನು ಹಾಗೆಯೇ ಡೊಮೇನ್ ಮಾಡಿದರೆ ಗಿರಾಕಿಗೆ ಶಿಕ್ಷೆ. ಬೋರ್ಡಿನ ಮೇಲೆ ಪೂರ್ತಿ ಹೆಸರು ಇರಲಿ, ಡೊಮೇನ್ ಚಿಕ್ಕದಿರಲಿ. ನಡುವೆ ಗೀಟು ಬೇಡ, ಅಂಕೆ ಬೇಡ.

ಊರಿನ ಹೆಸರು ಸೇರಿಸುವುದಾದರೆ ಒಂದು ತಕರಾರು ಉಂಟು. ಸರ್ಕಾರಿ ಕಾಗದದ ಇಂಗ್ಲಿಷಿನಲ್ಲಿ 2014ರ ನವೆಂಬರ್ 1ರಿಂದ ‘ಮ್ಯಾಂಗಲೋರ್’ ಹೋಗಿ ‘ಮಂಗಳೂರು’ ಬಂತು. ಹೊರಗಿನವರ ಬೆರಳಿಗೆ ಇನ್ನೂ ಹಳೆಯದೇ ಅಭ್ಯಾಸ. ಬಾಸೆಲ್ ಮಿಷನ್‌ನವರು ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಹಾಕಿದ್ದು 1865ರಲ್ಲಿ. ಅಲ್ಲಿಂದ ಇಲ್ಲಿಯವರೆಗೆ ಆ ಹಂಚು ಊರೂರಿಗೆ ಹೋದದ್ದು ‘ಮ್ಯಾಂಗಲೋರ್ ಟೈಲ್ಸ್’ ಎಂದೇ. ಹಾಗಾಗಿ ಡೊಮೇನಿನಲ್ಲಿ ಊರಿನ ಹೆಸರು ಬಿಡಿ, ವೆಬ್‌ಸೈಟಿನ ಬರಹದ ಒಳಗೆ ಎರಡೂ ರೂಪಗಳು ಸಹಜವಾಗಿ ಬರಲಿ.

ಕನ್ನಡ ಲಿಪಿಯಲ್ಲೇ ‘.ಭಾರತ’ ಎಂದು ಕೊನೆಯಾಗುವ ಡೊಮೇನ್ ಕೂಡ ಸಿಗುತ್ತದೆ. ನೋಡಲು ಖುಷಿ. ಆದರೆ ಆ ವಿಳಾಸದ ಇಮೇಲನ್ನು ಎಷ್ಟೋ ಕಂಪನಿಗಳ ಫಾರ್ಮುಗಳು ತೆಗೆದುಕೊಳ್ಳುವುದೇ ಇಲ್ಲ. ಎರಡನೆಯ ಬಾಗಿಲಾಗಿ ಇಟ್ಟುಕೊಳ್ಳಿ, ಹೆಬ್ಬಾಗಿಲಾಗಿ ಬೇಡ.

ಡೊಮೇನ್ ಯಾರ ಹೆಸರಲ್ಲಿ ಇರಬೇಕು? ವೆಬ್‌ಸೈಟ್ ಮಾಡುವವರೇ ತೆಗೆದುಕೊಡ್ತೇವೆ ಅಂದಿದ್ದಾರೆ.

ಮನೆ ಕಟ್ಟಿಸುವಾಗ ಜಾಗದ ಆರ್‌ಟಿಸಿಯನ್ನು ಮೇಸ್ತ್ರಿಯ ಹೆಸರಲ್ಲಿ ಮಾಡಿಸುತ್ತೀರಾ? ಇದೂ ಅಷ್ಟೇ. ನನ್ನನ್ನೂ ಸೇರಿಸಿ ಹೇಳುತ್ತಿದ್ದೇನೆ, ನನ್ನ ಹೆಸರಲ್ಲೂ ಬೇಡ.

ಹಂಚಿನ ವ್ಯಾಪಾರಿಯೊಬ್ಬರ ಕತೆ. ಅವರ ವೆಬ್‌ಸೈಟ್ ಮಾಡಿದ ಹುಡುಗ ತನ್ನ ಜಿಮೇಲ್ ಹಾಕಿ, ತನ್ನ ಹೆಸರಲ್ಲೇ ಡೊಮೇನ್ ತೆಗೆದಿದ್ದ. ಮೋಸ ಮಾಡುವ ಉದ್ದೇಶವೇನೂ ಇರಲಿಲ್ಲ, ಸುಲಭವೆಂದು ಮಾಡಿದ್ದು. ಎರಡು ವರ್ಷ ಕಳೆದು ಅವನು ಕತಾರಿಗೆ ಹೋದ, ನಂಬರ್ ಬದಲಾಯಿತು. ರಿನ್ಯೂವಲ್‌ನ ನೆನಪೋಲೆಗಳೆಲ್ಲ ಅವನು ತೆರೆಯದೇ ಬಿಟ್ಟ ಮೇಲ್‌ಬಾಕ್ಸಿಗೆ ಹೋದವು. ಒಂದು ಸೋಮವಾರ ಬೆಳಿಗ್ಗೆ ವೆಬ್‌ಸೈಟ್ ಇಲ್ಲ, ಇಮೇಲೂ ಇಲ್ಲ. ಬಿಲ್ ಪುಸ್ತಕ, ಲೆಟರ್‌ಹೆಡ್, ಗೋದಾಮಿನ ಗೋಡೆ ಎಲ್ಲ ಕಡೆ ಅದೇ ವಿಳಾಸ. ಕತಾರಿನಲ್ಲಿದ್ದವನ ಚಿಕ್ಕಮ್ಮನನ್ನು ಬಜ್ಪೆಯಲ್ಲಿ ಹುಡುಕಿ, ಅವರ ಮೂಲಕ ಅವನನ್ನು ಹಿಡಿದು, ಹಳೆಯ ಪಾಸ್‌ವರ್ಡ್ ನೆನಪಿಸಿಕೊಳ್ಳುವಂತೆ ಮಾಡಲು ಹನ್ನೊಂದು ದಿನ ಹೋಯಿತು.

ನೀವು ಮಾಡಬೇಕಾದದ್ದು ಇಷ್ಟು. ರಿಜಿಸ್ಟ್ರಾರ್ ಎಂದರೆ ಡೊಮೇನ್ ಮಾರುವ ಕಂಪನಿ; ಅಲ್ಲಿ ಖಾತೆ ನಿಮ್ಮದು, ಫೋನ್ ನಂಬರ್ ನಿಮ್ಮದು. ಖಾತೆಗೆ ಕೊಡುವ ಇಮೇಲ್ ಮಾತ್ರ ಅದೇ ಡೊಮೇನಿನದ್ದಾಗಿರಬಾರದು. ಡೊಮೇನ್ ನಿಂತ ದಿನ ಆ ಮೇಲೂ ನಿಲ್ಲುತ್ತದೆ, ಬೀಗದ ಕೈ ಮನೆಯೊಳಗೇ ಉಳಿದ ಹಾಗೆ. ಕೆಲಸದವರಿಗೆ ಬೇಕಾದರೆ ಡಿಎನ್‌ಎಸ್ (ಈ ಹೆಸರಿನ ಸೈಟ್ ಎಲ್ಲಿ, ಮೇಲ್ ಎಲ್ಲಿ ಎಂದು ಹೇಳುವ ದಾಖಲೆಗಳು) ಬದಲಿಸುವ ಅನುಮತಿ ಬೇರೆಯಾಗಿ ಕೊಡಬಹುದು. ಈಗಾಗಲೇ ಬೇರೆಯವರ ಹೆಸರಲ್ಲಿದ್ದರೆ ಜಗಳ ಮಾಡದೆ, ಸಂಬಂಧ ಚೆನ್ನಾಗಿರುವಾಗಲೇ, ಅನ್‌ಲಾಕ್ ಮಾಡಿಸಿ ಟ್ರಾನ್ಸ್‌ಫರ್ ಕೋಡ್ ಕೇಳಿ ತೆಗೆದುಕೊಳ್ಳಿ.

ಆಟೋ ರಿನ್ಯೂವಲ್ ಹಾಕಿದ್ದೇನೆ. ಸಾಕಲ್ಲ?

ಸಾಲದು. 2021ರ ಅಕ್ಟೋಬರ್‌ನಿಂದ ರಿಸರ್ವ್ ಬ್ಯಾಂಕಿನ ನಿಯಮದಂತೆ, ಕಾರ್ಡಿನಿಂದ ತಾನಾಗಿಯೇ ಹಣ ಕಡಿತವಾಗಬೇಕಾದರೆ ನೀವು ಮೊದಲು ಒಟಿಪಿ ಕೊಟ್ಟು ಇ-ಮ್ಯಾಂಡೇಟ್ (ಬ್ಯಾಂಕಿಗೆ ಮುಂಗಡ ಒಪ್ಪಿಗೆ) ಮಾಡಿಸಿರಬೇಕು. ಹೊರದೇಶದ ಎಷ್ಟೋ ರಿಜಿಸ್ಟ್ರಾರ್‌ಗಳಲ್ಲಿ ಅದು ಆಗಿರುವುದಿಲ್ಲ. ಪರದೆಯಲ್ಲಿ ‘ಆಟೋ ರಿನ್ಯೂ ಆನ್’ ಎಂದು ಹಸಿರಾಗಿ ಕಾಣುತ್ತದೆ, ದಿನ ಬಂದಾಗ ಹಣ ಹೋಗುವುದಿಲ್ಲ. ಕ್ಯಾಲೆಂಡರಿನಲ್ಲಿ ಒಂದು ತಿಂಗಳು ಮುಂಚಿನ ದಿನಕ್ಕೆ ಗುರುತು ಹಾಕಿ, ಕೈಯಿಂದಲೇ ಕಟ್ಟಿ. ಒಟ್ಟಿಗೆ ಮೂರು ವರ್ಷಕ್ಕೆ ಕಟ್ಟಿದರೆ ಇನ್ನೂ ಒಳ್ಳೆಯದು.

ಅವಧಿ ಮೀರಿದರೂ ಹೆಸರು ಅದೇ ದಿನ ಕೈತಪ್ಪುವುದಿಲ್ಲ. ಡಾಟ್ ಕಾಮ್ ಆದರೆ ಕೆಲವು ವಾರಗಳ ಗಡುವು ಇರುತ್ತದೆ, ಅದು ಕಳೆದ ಮೇಲೆ 30 ದಿನಗಳ ರಿಡೆಂಪ್ಷನ್. ಆಗ ಬಿಡಿಸಿಕೊಳ್ಳಲು ದೊಡ್ಡ ದಂಡ. ಸೈಟ್ ಮತ್ತು ಮೇಲ್ ಮಾತ್ರ ಅಷ್ಟು ದಿನ ಕಾಯದೆ ನಿಂತುಬಿಡುತ್ತವೆ.

‘ನಿಮ್ಮ ಡೊಮೇನ್ ನಾಳೆ ರದ್ದಾಗುತ್ತದೆ, ಕೂಡಲೇ ಹಣ ಕಟ್ಟಿ’ ಎಂದು ಮೇಲ್ ಬಂದಿದೆ.

ಅದರಲ್ಲಿರುವ ಲಿಂಕ್ ಒತ್ತಬೇಡಿ. ನಿಮ್ಮ ರಿಜಿಸ್ಟ್ರಾರ್‌ನ ಸೈಟನ್ನು ನೀವೇ ಟೈಪ್ ಮಾಡಿ ತೆರೆದು, ಕೊನೆಯ ದಿನಾಂಕ ನೋಡಿ.

ಒಟ್ಟು ಎಷ್ಟು ಖರ್ಚಾದೀತು?

ಡೊಮೇನಿಗೆ ವರ್ಷಕ್ಕೆ ಸಾವಿರ ರೂಪಾಯಿಯ ಆಸುಪಾಸು. ಮೊದಲ ವರ್ಷಕ್ಕೆ ‘99 ರೂಪಾಯಿ ಮಾತ್ರ’ ಎಂದು ಕಂಡರೆ ರಿನ್ಯೂವಲ್ ದರ ಎಲ್ಲಿ ಬರೆದಿದೆ ನೋಡಿ, ನಿಜವಾದ ಬೆಲೆ ಅದು. ಹೋಸ್ಟಿಂಗ್ ಎಂದರೆ ಸೈಟ್ ಇಡುವ ಜಾಗದ ಬಾಡಿಗೆ, ಸಣ್ಣ ಸೈಟಿಗೆ ಎಲ್ಲಕ್ಕಿಂತ ಕೆಳಗಿನ ಯೋಜನೆ ಸಾಕು. ಇಮೇಲಿಗೆ ಒಬ್ಬೊಬ್ಬರಿಗೆ ಇಷ್ಟೆಂದು ಲೆಕ್ಕ. ಇವಕ್ಕೆಲ್ಲ 18 ಶೇಕಡಾ ಜಿಎಸ್‌ಟಿ ಸೇರುತ್ತದೆ. ವಿಳಾಸದ ಪಕ್ಕ ‘ನಾಟ್ ಸೆಕ್ಯೂರ್’ ಎಂದು ಬಾರದಿರಲು ಬೇಕಾದ ಎಸ್‌ಎಸ್‌ಎಲ್ ಪ್ರಮಾಣಪತ್ರಕ್ಕೆಂದು ಯಾರಾದರೂ ಪ್ರತ್ಯೇಕ ಸಾವಿರಗಟ್ಟಲೆ ಕೇಳಿದರೆ, ‘ಲೆಟ್ಸ್ ಎನ್‌ಕ್ರಿಪ್ಟ್ ಸಂಸ್ಥೆಯದ್ದು ಪುಕ್ಕಟೆ ಉಂಟಲ್ಲ?’ ಎಂದು ಕೇಳಿ ನೋಡಿ. ಅಂಗಡಿಯ ಸೈಟಿಗೆ ಅದು ಧಾರಾಳ.

ವರ್ಡ್‌ಪ್ರೆಸ್ಸೇ ಬೇಕಾ?

ವರ್ಡ್‌ಪ್ರೆಸ್ ಎಂದರೆ ಸೈಟ್ ಕಟ್ಟಿ ಬದಲಿಸುತ್ತಿರಲು ಇರುವ ಸಾಫ್ಟ್‌ವೇರ್. ನಾಲ್ಕೈದು ಪುಟದ ಸೈಟಿಗೆ ಬೇಕೆಂದೇನಿಲ್ಲ. ಆಗಾಗ ನೀವೇ ಬದಲಿಸುವುದಿದ್ದರೆ ಅನುಕೂಲ. ಆದರೆ ವರ್ಡ್‌ಪ್ರೆಸ್ ಹಾಕಿ ಬಿಟ್ಟುಬಿಡುವ ವಸ್ತುವಲ್ಲ. ಮಳೆಗಾಲಕ್ಕೆ ಮುಂಚೆ ಹಂಚು ಕೈಯಾಡಿಸುವ ಹಾಗೆ ಅದಕ್ಕೆ ಜೋಡಿಸಿದ ಪ್ಲಗಿನ್ ಎಂಬ ಬಿಡಿ ಭಾಗಗಳನ್ನು ಅಪ್‌ಡೇಟ್ ಮಾಡುತ್ತಿರಬೇಕು, ಇಲ್ಲದಿದ್ದರೆ ಸೋರುತ್ತದೆ. ಎರಡು ವರ್ಷ ಯಾರೂ ಮುಟ್ಟದ ಒಂದು ಸೈಟನ್ನು ಗೂಗಲಿನಲ್ಲಿ ಹುಡುಕಿದರೆ ಅಂಗಡಿಯ ಹೆಸರಿನ ಕೆಳಗೆ ಜಪಾನಿ ಅಕ್ಷರಗಳಲ್ಲಿ ಕೈಗಡಿಯಾರದ ಜಾಹೀರಾತು ಬರುತ್ತಿತ್ತು. ಮಾಲೀಕರಿಗೆ ಗೊತ್ತಾದದ್ದು ಗಿರಾಕಿ ಹೇಳಿದಾಗ.

ಸೈಟಿನಲ್ಲಿ ಎಂತೆಲ್ಲ ಬರೆಯಬೇಕು?

‘ಗುಣಮಟ್ಟವೇ ನಮ್ಮ ಧ್ಯೇಯ’ ಎಂಬುದನ್ನು ಬಿಟ್ಟು ಉಳಿದದ್ದೆಲ್ಲ. ನಿಮಗೆ ಫೋನಿನಲ್ಲಿ ದಿನಕ್ಕೆ ಹತ್ತು ಸಲ ಕೇಳುವ ಪ್ರಶ್ನೆಗಳನ್ನು ಒಂದು ವಾರ ಕಾಗದದಲ್ಲಿ ಬರೆದಿಡಿ. ಆ ಕಾಗದವೇ ನಿಮ್ಮ ವೆಬ್‌ಸೈಟ್.

ಕಾಪುವಿನ ಹತ್ತಿರದ ಒಂದು ಹೋಮ್‌ಸ್ಟೇ ನಡೆಸುವ ಅಕ್ಕ ಹೀಗೆ ಪಟ್ಟಿ ಮಾಡಿ ತಂದಿದ್ದರು, ಹಾಲಿನ ಲೆಕ್ಕದ ಪುಸ್ತಕದ ಹಿಂದಿನ ಪುಟದಲ್ಲಿ. ರೈಲಿನಲ್ಲಿ ಬಂದರೆ ಎಲ್ಲಿ ಇಳಿಯುವುದು? ಉಡುಪಿ ಸ್ಟೇಷನ್ ಇಂದ್ರಾಳಿಯಲ್ಲಿದೆ, ಮಠದ ಎದುರಲ್ಲ. ಮಂಗಳೂರಿನಲ್ಲಿ ಇಳಿಯುವುದಾದರೆ ಸೆಂಟ್ರಲಾ, ಜಂಕ್ಷನ್ನಾ? ಮೀನು ಮಾಡಿ ಕೊಡುತ್ತೀರಾ, ಬೇರೆ ಪಾತ್ರೆಯಲ್ಲಿ ಶುದ್ಧ ಸಸ್ಯಾಹಾರ ಆಗುತ್ತದಾ? ಜುಲೈಯಲ್ಲಿ ಮಲ್ಪೆಯಿಂದ ಸೇಂಟ್ ಮೇರೀಸ್ ದ್ವೀಪಕ್ಕೆ ಬೋಟ್ ಇರುತ್ತದಾ? ಮಳೆಗಾಲದಲ್ಲಿ ಇರುವುದಿಲ್ಲ, ಅದನ್ನು ಅವರು ಮುಚ್ಚಿಡದೆ ಮೊದಲ ಪುಟದಲ್ಲೇ ಹಾಕಿಸಿದರು, ಜೊತೆಗೆ ‘ಮಳೆ ನೋಡಲು ಬನ್ನಿ, ಪತ್ರೊಡೆ ಮಾಡುತ್ತೇವೆ’ ಎಂದು ಒಂದು ಸಾಲು. ಪರ್ಯಾಯದ ವರ್ಷ ಜನವರಿ 18ರ ಹಿಂದುಮುಂದಿನ ದಿನಗಳ ದರ ಬೇರೆ ಎಂಬುದನ್ನೂ ಬರೆದರು. ಅಷ್ಟಾದ ಮೇಲೆ ಫೋನ್ ಮಾಡುವವರು ಕೇಳುವುದು ‘ಈ ದಿನ ರೂಮ್ ಉಂಟಾ?’ ಎಂದು ಮಾತ್ರ.

ದರ ಹಾಕಲು ಹೆಚ್ಚಿನವರಿಗೆ ಅಳುಕು, ಎದುರಿನ ಅಂಗಡಿಯವರು ನೋಡುತ್ತಾರೆಂದು. ಅವರಿಗೆ ಹೇಗೂ ಗೊತ್ತಿರುತ್ತದೆ ಮಾರಾಯ್ರೆ. ನಿಖರ ದರ ಬೇಡವಾದರೆ ‘ಇಷ್ಟರಿಂದ ಶುರು’ ಎಂದಾದರೂ ಇರಲಿ.

ಫೋಟೋ ನಿಮ್ಮದೇ ಆಗಿರಲಿ. ಮೊಬೈಲಿನಲ್ಲಿ ತೆಗೆದದ್ದು ಆಗುತ್ತದೆ, ಆದರೆ ಐದಾರು ಎಂಬಿ ಇರುವ ಫೋಟೋವನ್ನು ಹಾಗೆಯೇ ಏರಿಸಬೇಡಿ. ಇನ್ನೂರು ಕೆಬಿಯ ಒಳಗೆ ತನ್ನಿ. ಆಗುಂಬೆ ಘಾಟಿಯಲ್ಲಿ ಒಂದು ಕಡ್ಡಿ ಸಿಗ್ನಲ್ ಹಿಡಿದು ಕೂತವರಿಗೂ ಸೈಟ್ ತೆರೆಯಬೇಕು.

ಕನ್ನಡದಲ್ಲಿ ಹಾಕಿದರೆ ಚೌಕ ಚೌಕ, ಅಡ್ಡಾದಿಡ್ಡಿ ಅಕ್ಷರ ಬರುತ್ತದೆ. ಯಾಕೆ?

ಫ್ಲೆಕ್ಸ್ ಮಾಡಿದ ಡಿಟಿಪಿಯವರಿಂದ ತಂದ ಬರಹ ಇರಬೇಕು. ನುಡಿ, ಬರಹ, ಶ್ರೀಲಿಪಿ ಎಂಬ ಸಾಫ್ಟ್‌ವೇರ್‌ಗಳ ಹಳೆಯ ಫಾಂಟುಗಳಲ್ಲಿ ಕನ್ನಡದ ಆಕಾರವನ್ನು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕೂರಿಸಿರುತ್ತಾರೆ. ಆ ಫಾಂಟ್ ಇಲ್ಲದ ಮೊಬೈಲಿನಲ್ಲಿ ಒಳಗಿನ ಇಂಗ್ಲಿಷ್ ಅಕ್ಷರಗಳೇ ಹೊರಬರುತ್ತವೆ. ಗೂಗಲಿಗೂ ಅದು ಕನ್ನಡವೆಂದು ಗೊತ್ತಾಗುವುದಿಲ್ಲ. ನಿಮ್ಮ ಬರಹ ಯೂನಿಕೋಡ್‌ನಲ್ಲಿ, ಅಂದರೆ ಎಲ್ಲ ಮೊಬೈಲುಗಳೂ ಒಂದೇ ತರ ಓದುವ ಅಕ್ಷರ ಸಂಕೇತದಲ್ಲಿ ಇರಬೇಕು. ಹಳೆಯದನ್ನು ಬದಲಿಸುವ ಪರಿವರ್ತಕಗಳು ಉಂಟು, ಆದರೆ ಅರ್ಕಾವೊತ್ತು ಮತ್ತು ಒತ್ತಕ್ಷರ ಎಡವುತ್ತವೆ, ಬದಲಿಸಿದ ಮೇಲೆ ಒಮ್ಮೆ ಓದಿ ನೋಡಿ.

ಯಾವ ಭಾಷೆ ಎಂದೂ ಕೇಳುತ್ತಾರೆ. ನಮ್ಮಲ್ಲಿ ಒಂದೇ ಕೌಂಟರಿನಲ್ಲಿ ತುಳು, ಕೊಂಕಣಿ, ಬ್ಯಾರಿ, ಕನ್ನಡ ನಾಲ್ಕೂ ಓಡುತ್ತವೆ. ಬರೆಯುವಾಗ ಕನ್ನಡ ಮತ್ತು ಇಂಗ್ಲಿಷ್ ಇರಲಿ, ಬೇರೆ ಬೇರೆ ಪುಟಗಳಲ್ಲಿ. ತುಳುವಿನಲ್ಲಿ ಒಂದು ಸ್ವಾಗತದ ಸಾಲು ಕನ್ನಡ ಲಿಪಿಯಲ್ಲೇ ಹಾಕಿ; ತುಳು-ತಿಗಳಾರಿ ಲಿಪಿ 2024ರ ಯೂನಿಕೋಡ್ 16ರಲ್ಲಿ ಸೇರಿದೆ, ಆದರೆ ಎಲ್ಲರ ಮೊಬೈಲಿನಲ್ಲಿ ಫಾಂಟ್ ಬಂದಿಲ್ಲ.

ಜಿಮೇಲ್ ಪುಕ್ಕಟೆ ಇರುವಾಗ ಡೊಮೇನಿನ ಇಮೇಲಿಗೆ ದುಡ್ಡು ಯಾಕೆ ಕೊಡಬೇಕು?

ಬಿಡಿ ವ್ಯಾಪಾರಕ್ಕೆ ಜಿಮೇಲ್ ನಡೆಯುತ್ತದೆ. ಕಂಪನಿಗಳಿಗೆ ಕೊಟೇಶನ್ ಕಳಿಸುವವರಿಗೆ, ರಫ್ತು ಮಾಡುವವರಿಗೆ ಸ್ವಂತ ಹೆಸರು ಬೇಕು. ಮುಖ್ಯ ಕಾರಣ ಗತ್ತು ಅಲ್ಲ. ಕೆಲಸಕ್ಕಿದ್ದ ಹುಡುಗಿ ತನ್ನ ಜಿಮೇಲಿನಿಂದ ಎರಡು ವರ್ಷ ಗಿರಾಕಿಗಳೊಂದಿಗೆ ಬರೆದು, ಕೆಲಸ ಬಿಟ್ಟು ಹೋದಾಗ ಅಷ್ಟೂ ಪತ್ರವ್ಯವಹಾರ ಅವಳ ಜೊತೆ ಹೋಗುತ್ತದೆ. ನಿಮ್ಮ ಡೊಮೇನಿನಲ್ಲಿ ‘ಸೇಲ್ಸ್’, ‘ಅಕೌಂಟ್ಸ್’ ಎಂದು ಹುದ್ದೆಯ ಹೆಸರಿನ ವಿಳಾಸ ಮಾಡಿಟ್ಟರೆ ಜನ ಬದಲಾದರೂ ಪೆಟ್ಟಿಗೆ ನಿಮ್ಮಲ್ಲೇ ಇರುತ್ತದೆ.

ಗೂಗಲ್ ವರ್ಕ್‌ಸ್ಪೇಸ್, ಜೊಹೊ ಮೇಲ್, ಮೈಕ್ರೋಸಾಫ್ಟ್ 365 ಮೂರರಲ್ಲಿ ಯಾವುದಾದರೂ ಸರಿ. ಹೋಸ್ಟಿಂಗ್ ಜೊತೆ ಪುಕ್ಕಟೆ ಬರುವ ಇಮೇಲನ್ನು ನಾನು ಯಾರಿಗೂ ಹೇಳುವುದಿಲ್ಲ. ನೂರಾರು ಸೈಟುಗಳು ಒಂದೇ ಸರ್ವರ್ (ಸೈಟ್, ಮೇಲ್ ಇಡುವ ಕಂಪ್ಯೂಟರ್) ಹಂಚಿಕೊಂಡಿರುತ್ತವೆ, ಅದರಲ್ಲೊಬ್ಬ ಸ್ಪ್ಯಾಮ್ ಕಳಿಸಿದರೆ ಕೆಟ್ಟ ಹೆಸರು ಎಲ್ಲರಿಗೂ.

ನಾವು ಕಳಿಸಿದ ಕೊಟೇಶನ್ ಅವರ ಸ್ಪ್ಯಾಮಿಗೆ ಹೋಗ್ತದೆ. ಎಂತ ಮಾಡುವುದು?

ಇದು ನನಗೆ ಅತಿ ಹೆಚ್ಚು ಬರುವ ಕರೆ. ಹತ್ತರಲ್ಲಿ ಎಂಟು ಸಲ ಮೂರು ಡಿಎನ್‌ಎಸ್ ದಾಖಲೆಗಳಲ್ಲಿ ಒಂದು ಕಾಣೆಯಾಗಿರುತ್ತದೆ.

ಎಸ್‌ಪಿಎಫ್ ಎಂದರೆ ನಿಮ್ಮ ಅಂಗಡಿಯ ಪರವಾಗಿ ವಸೂಲಿಗೆ ಹೋಗಬಹುದಾದವರ ಪಟ್ಟಿ: ಈ ಈ ಸರ್ವರ್‌ಗಳು ಮಾತ್ರ ನಮ್ಮ ಹೆಸರಲ್ಲಿ ಮೇಲ್ ಕಳಿಸಬಹುದು. ಡಿಕಿಮ್ ಎಂದರೆ ಬ್ಯಾಂಕಿನಲ್ಲಿಟ್ಟ ಸಹಿಯ ಮಾದರಿ. ಪ್ರತಿ ಮೇಲಿನ ಮೇಲೂ ಸಹಿ ಬೀಳುತ್ತದೆ, ಪಡೆಯುವವರು ಮಾದರಿಯೊಂದಿಗೆ ತಾಳೆ ನೋಡುತ್ತಾರೆ. ಡಿಮಾರ್ಕ್ ಎಂದರೆ ತಾಳೆಯಾಗದಿದ್ದರೆ ಏನು ಮಾಡಬೇಕೆಂದು ನೀವು ಬರೆದಿಟ್ಟ ಸೂಚನೆ: ಸುಮ್ಮನೆ ಬಿಡಿ, ಸ್ಪ್ಯಾಮಿಗೆ ಹಾಕಿ, ಇಲ್ಲವೇ ಹಿಂದೆ ಕಳಿಸಿ. ಮೊದಲು ‘ಸುಮ್ಮನೆ ಬಿಡಿ’ಯಿಂದ ಶುರು ಮಾಡಿ, ವರದಿ ನೋಡಿಕೊಂಡು ಬಿಗಿ ಮಾಡಿ. ಜಿಮೇಲ್ 2024ರ ಫೆಬ್ರವರಿಯಿಂದ ಕಳಿಸುವವರೆಲ್ಲರಿಗೂ ಎಸ್‌ಪಿಎಫ್ ಅಥವಾ ಡಿಕಿಮ್ ಕಡ್ಡಾಯ ಮಾಡಿದೆ. ದಿನಕ್ಕೆ 5,000ಕ್ಕೂ ಹೆಚ್ಚು ಕಳಿಸುವವರಿಗೆ ಮೂರೂ ಬೇಕು.

ನೀವೇ ಪರೀಕ್ಷಿಸಬಹುದು. ಆಫೀಸಿನ ಮೇಲಿನಿಂದ ನಿಮ್ಮ ಸ್ವಂತ ಜಿಮೇಲಿಗೆ ಒಂದು ಪತ್ರ ಕಳಿಸಿ. ಕಂಪ್ಯೂಟರಿನಲ್ಲಿ ಅದನ್ನು ತೆರೆದು, ಬಲಬದಿಯ ಮೂರು ಚುಕ್ಕಿ ಒತ್ತಿ ‘ಶೋ ಒರಿಜಿನಲ್’ ಆರಿಸಿ. ಮೇಲ್ಗಡೆ ಒಂದು ಪುಟ್ಟ ಪಟ್ಟಿಯಲ್ಲಿ ಮೂರೂ ಹೆಸರು, ಪಕ್ಕದಲ್ಲಿ ‘ಪಾಸ್’ ಅಥವಾ ‘ಫೇಲ್’. ಕಳೆದ ಸಲ ಒಂದು ಗೇರುಬೀಜದ ಫ್ಯಾಕ್ಟರಿಯ ಮೇಲನ್ನು ಹೀಗೆ ತೆರೆದಾಗ ಎಸ್‌ಪಿಎಫ್ ಎದುರು ‘ಪರ್ಮ್‌ಎರರ್’, ಅಂದರೆ ದಾಖಲೆಯಲ್ಲೇ ತಪ್ಪು ಎಂದು ಬಂತು. ಹಳೆಯ ಮೇಲ್ ಕಂಪನಿಯ ಸಾಲು ಅಳಿಸದೆ, ಹೊಸ ಕಂಪನಿಯದ್ದನ್ನು ಎರಡನೆಯ ಸಾಲಾಗಿ ಸೇರಿಸಿದ್ದರು. ಒಂದು ಡೊಮೇನಿಗೆ ಎಸ್‌ಪಿಎಫ್ ದಾಖಲೆ ಒಂದೇ ಇರಬೇಕು. ಎರಡಿದ್ದರೆ ಎರಡೂ ಇಲ್ಲದ ಲೆಕ್ಕ. ಹಳೆಯದನ್ನು ಅಳಿಸಲು ಎರಡು ನಿಮಿಷ, ಆ ಎರಡು ನಿಮಿಷ ಆಗದೆ ಅವರಿಗೆ ಒಂದು ಸೀಸನ್ ಹೋಗಿತ್ತು.

ಸೈಟಿನ ಫಾರ್ಮ್ ತುಂಬಿದೆವೆಂದು ಗಿರಾಕಿಗಳು ಹೇಳ್ತಾರೆ, ನಮಗೆ ಬರುವುದೇ ಇಲ್ಲ.

ಫಾರ್ಮ್ ಮಾಡಿದವರು ‘ಕಳಿಸಿದವರು’ ಎಂಬಲ್ಲಿ ಗಿರಾಕಿಯ ವಿಳಾಸವನ್ನೇ ಹಾಕಿರುತ್ತಾರೆ. ನಿಮ್ಮ ಸರ್ವರ್ ಗಿರಾಕಿಯ ಜಿಮೇಲ್ ಹೆಸರು ಹೇಳಿಕೊಂಡು ಮೇಲ್ ಕಳಿಸಿದರೆ ಅದು ಕಳ್ಳ ಸಹಿಯಾಯಿತು. ‘ಕಳಿಸಿದವರು’ ಎಂಬಲ್ಲಿ ನಿಮ್ಮ ಡೊಮೇನಿನ ವಿಳಾಸ ಇರಲಿ, ಉತ್ತರ ಹೋಗಬೇಕಾದ ‘ರಿಪ್ಲೈ-ಟು’ ಜಾಗದಲ್ಲಿ ಗಿರಾಕಿಯದ್ದು. ಪಕ್ಕದಲ್ಲಿ ಒಂದು ವಾಟ್ಸಾಪ್ ಬಟನ್ ಇಡಿ, ನಮ್ಮೂರಿನವರು ಫಾರ್ಮ್ ತುಂಬುವುದು ಕಡಿಮೆ.

ಕಂಪ್ಯೂಟರ್ ಹಾಳಾಯ್ತು. ಹಳೆಯ ಮೇಲ್ ಎಲ್ಲ ಹೋಯ್ತಾ?

ಪಾಪ್ ಎಂಬ ಹಳೆಯ ವಿಧಾನದಲ್ಲಿ ಜೋಡಿಸಿದ್ದರೆ ಹೋಗಿರಬಹುದು. ಅದು ಮೇಲನ್ನು ಸರ್ವರಿನಿಂದ ಇಳಿಸಿಕೊಂಡು ಅಲ್ಲಿ ಅಳಿಸಿಬಿಡುವುದು ಸಾಮಾನ್ಯ. ಐಮ್ಯಾಪ್‌ನಲ್ಲಿ ಮೂಲ ಸರ್ವರಿನಲ್ಲೇ ಇರುತ್ತದೆ, ಮೊಬೈಲು ಕಂಪ್ಯೂಟರು ಎರಡರಲ್ಲೂ ಒಂದೇ ಕಾಣುತ್ತದೆ. ಈ ಕೆಲಸ ಶುರು ಮಾಡಿದ ಹೊಸತರಲ್ಲಿ ನನ್ನದೇ ಮೂರು ವರ್ಷದ ಮೇಲ್ ಪಾಪ್‌ನಲ್ಲಿತ್ತು. ಜೂನಿನ ಮೊದಲ ಸಿಡಿಲಿಗೆ ಹಾರ್ಡ್‌ಡಿಸ್ಕ್ ಸುಟ್ಟಿತು. ಗಿರಾಕಿಗಳಿಗೇ ಫೋನ್ ಮಾಡಿ ‘ನಾನು ನಿಮಗೆ ಕಳಿಸಿದ್ದನ್ನು ಒಮ್ಮೆ ನನಗೆ ಕಳಿಸಿ’ ಎಂದು ಕೇಳಿದ್ದು ಇನ್ನೂ ನೆನಪುಂಟು. ಮೇಲ್ ಜೋಡಿಸುವಾಗ ಐಮ್ಯಾಪ್ ಆರಿಸಿ, ಪೋರ್ಟ್ ಸಂಖ್ಯೆ ಕೇಳಿದರೆ 993 ಹಾಕಿ.

ಗೂಗಲಲ್ಲಿ ಮೊದಲು ಬರಬೇಕು. ಎಷ್ಟು ಆಗ್ತದೆ?

‘ಮೊದಲ ಸ್ಥಾನ ಗ್ಯಾರಂಟಿ’ ಎಂದು ಫೋನ್ ಮಾಡುವವರನ್ನು ಅಲ್ಲೇ ನಿಲ್ಲಿಸಿ. ಆ ಗ್ಯಾರಂಟಿ ಯಾರೂ ಕೊಡಲಾರರು ಎಂದು ಗೂಗಲೇ ಬರೆದಿಟ್ಟಿದೆ.

ಊರೊಳಗಿನ ವ್ಯಾಪಾರಕ್ಕೆ ಮ್ಯಾಪಿನ ಪಟ್ಟಿಯೇ ದೊಡ್ಡದು. ಬಿಸಿನೆಸ್ ಪ್ರೊಫೈಲ್‌ನಲ್ಲಿ ಮುಖ್ಯ ವರ್ಗ ಸರಿಯಾಗಿ ಆರಿಸಿ. ಕ್ಯಾಟರಿಂಗಿನವರು ‘ರೆಸ್ಟೋರೆಂಟ್’ ಎಂದು ಹಾಕಿಕೊಂಡರೆ ಮಧ್ಯಾಹ್ನ ಊಟಕ್ಕೆ ಜನ ಬಂದು ನಿಲ್ಲುತ್ತಾರೆ, ಮದುವೆಯವರು ಬರುವುದಿಲ್ಲ. ಹೆಸರು, ವಿಳಾಸ, ಫೋನ್ ಮೂರೂ ಬೋರ್ಡಿನಲ್ಲಿ, ಸೈಟಿನಲ್ಲಿ, ಫೇಸ್‌ಬುಕ್ಕಿನಲ್ಲಿ ಒಂದೇ ತರ ಇರಲಿ. ಹಬ್ಬದ ರಜೆಯನ್ನು ಮೊದಲೇ ಹಾಕಿ. ಚೌತಿಯ ದಿನ ‘ತೆರೆದಿದೆ’ ಎಂದು ತೋರಿಸಿ, ಬೆಳ್ತಂಗಡಿಯಿಂದ ಬಂದವರು ಮುಚ್ಚಿದ ಶಟರ್ ನೋಡಿದರೆ ಒಂದು ನಕ್ಷತ್ರ ಖಂಡಿತ. ಪಿನ್ ಅನ್ನು ಬಾಗಿಲಿನ ಮೇಲೆ ಇಡಿ, ಹಿಂಬದಿಯ ಓಣಿಯಲ್ಲಲ್ಲ.

ಸೈಟ್ ಆದ ದಿನವೇ ಗೂಗಲಿನ ಸರ್ಚ್ ಕನ್ಸೋಲಿನಲ್ಲಿ ಸೇರಿಸಿ, ಅದೂ ಪುಕ್ಕಟೆ. ಜನ ಯಾವ ಮಾತು ಟೈಪ್ ಮಾಡಿ ನಿಮ್ಮಲ್ಲಿಗೆ ಬಂದರೆಂದು ಅದು ತೋರಿಸುತ್ತದೆ. ಪ್ರತಿ ಪುಟದ ಶೀರ್ಷಿಕೆಯಲ್ಲಿ ‘ಹೋಮ್’ ಎಂದಿರಬಾರದು. ಏನು ಮಾರುತ್ತೀರಿ, ಎಲ್ಲಿ ಎಂಬುದು ಇರಬೇಕು. ಫಲ ಕಾಣಲು ಕೆಲವು ತಿಂಗಳು ಬೇಕು.

ಒಬ್ಬರು ಸುಳ್ಳು ರಿವ್ಯೂ ಹಾಕಿದ್ದಾರೆ. ತೆಗೆಸಬಹುದಾ?

ನಿಯಮ ಮೀರಿದ್ದರೆ ವರದಿ ಮಾಡಬಹುದು, ತೆಗೆಯುವುದು ಬಿಡುವುದು ಗೂಗಲಿಗೆ ಸೇರಿದ್ದು. ಅಷ್ಟರೊಳಗೆ ಎರಡು ಸಾಲಿನ ತಣ್ಣಗಿನ ಉತ್ತರ ಹಾಕಿ. ನಿಮ್ಮ ಉತ್ತರ ಓದುವುದು ರಿವ್ಯೂ ಹಾಕಿದವರಲ್ಲ, ಮುಂದೆ ಬರುವವರು. ನಂಟರಿಷ್ಟರಿಂದ ಒಂದೇ ದಿನ ಮೂವತ್ತು ಐದು-ನಕ್ಷತ್ರ ಹಾಕಿಸಬೇಡಿ, ಅಷ್ಟೂ ಮಾಯವಾಗುವುದುಂಟು.

ಗೂಗಲ್ ಜಾಹೀರಾತಿಗೆ ದುಡ್ಡು ಹಾಕಿದೆ. ಕ್ಲಿಕ್ ಬಂತು, ಗಿರಾಕಿ ಬರಲಿಲ್ಲ.

ಜಾಗದ ಸೆಟ್ಟಿಂಗ್ ನೋಡಿ. ‘ಉಡುಪಿ’ ಎಂದು ಆರಿಸಿದರೂ, ಅಲ್ಲಿ ಇರುವವರ ಜೊತೆ ಅದರ ಬಗ್ಗೆ ಆಸಕ್ತಿ ತೋರಿದವರಿಗೂ ಜಾಹೀರಾತು ಹೋಗುವ ಆಯ್ಕೆ ಮೊದಲೇ ಒತ್ತಿರುತ್ತದೆ. ಹೋಮ್‌ಸ್ಟೇಗೆ ಅದು ವರ, ಬೆಂಗಳೂರಿನವರು ಬೇಕಲ್ಲ. ಫ್ರಿಜ್ ರಿಪೇರಿಯವರಿಗೆ ನಷ್ಟ. ಅವರು ‘ಅಲ್ಲಿ ಇರುವವರು ಮಾತ್ರ’ ಎಂದು ಬದಲಿಸಬೇಕು. ಉಡುಪಿ ಎಂಬ ಹೆಸರಿಗೆ ಇನ್ನೊಂದು ಪೀಡೆ ಉಂಟು: ಲೋಕದ ತುಂಬ ಉಡುಪಿ ಹೋಟೆಲುಗಳು. ‘ಹೋಟೆಲ್’, ‘ಮಸಾಲೆ ದೋಸೆ’, ‘ಮೆನು’ ಇಂಥ ಮಾತುಗಳನ್ನು ಬೇಡದ ಪದಗಳ ಪಟ್ಟಿಗೆ ಸೇರಿಸಿ.

ದಿನದ ಬಜೆಟ್ 200 ಎಂದು ಇಟ್ಟರೆ ಕೆಲವು ದಿನ 400ರ ತನಕ ಹೋಗಬಹುದು. ತಿಂಗಳ ಒಟ್ಟು ಮಾತ್ರ ನೀವು ಇಟ್ಟ 200ರ 30.4 ಪಟ್ಟನ್ನು ಮೀರದು. ಹೆದರಬೇಡಿ.

ಹಳೆಯ ಗಿರಾಕಿಗಳಿಗೆಲ್ಲ ಒಟ್ಟಿಗೆ ದೀಪಾವಳಿ ಆಫರ್ ಮೇಲ್ ಕಳಿಸಬಹುದಾ?

ನಿಮ್ಮಿಂದ ಕೊಂಡವರಿಗೆ, ಮೇಲ್ ಕಳಿಸಿ ಎಂದು ಒಪ್ಪಿದವರಿಗೆ ಆಯ್ತು. ‘ಮಂಗಳೂರಿನ 50,000 ಇಮೇಲ್, 999 ರೂಪಾಯಿ’ ಎಂದು ಬರುವ ಪಟ್ಟಿ ಕೊಳ್ಳಬೇಡಿ. ಕೊಂಡು ಕಳಿಸಿದರೆ ನಿಮ್ಮ ಡೊಮೇನಿನ ಹೆಸರು ಕೆಟ್ಟು, ಆಮೇಲೆ ನಿಜವಾದ ಬಿಲ್ಲೂ ಸ್ಪ್ಯಾಮಿಗೆ ಹೋಗುತ್ತದೆ. ಮಾಮೂಲಿ ಜಿಮೇಲಿನಿಂದ ದಿನಕ್ಕೆ 500ರ ಮೇಲೆ ಕಳಿಸಲಾಗದು. ಇನ್ನೂರು ಜನರ ವಿಳಾಸವನ್ನು ‘ಟು’ ಎಂಬಲ್ಲಿ ಸಾಲಾಗಿ ಹಾಕಬೇಡಿ, ಎಲ್ಲರಿಗೂ ಎಲ್ಲರ ವಿಳಾಸ ಕಾಣುತ್ತದೆ. ಬೇಡವೆಂದವರು ಬಿಟ್ಟುಹೋಗಲು ಒಂದು ಲಿಂಕ್ ಇರಲಿ.

ಸೈಟಿನಲ್ಲೇ ಮಾರಾಟ ಶುರು ಮಾಡುವುದಕ್ಕೆ ಎಂತೆಲ್ಲ ಬೇಕು?

ಮೊದಲು ಲೆಕ್ಕದವರನ್ನು ಕೇಳಿ, ನನ್ನನ್ನಲ್ಲ. ತೆರಿಗೆ ಇರುವ ಸರಕನ್ನು ಬೇರೆ ರಾಜ್ಯಕ್ಕೆ ಮಾರಿದರೆ, ಕೆಲವು ಕರಕುಶಲ ವಸ್ತುಗಳನ್ನು ಬಿಟ್ಟು, ವಹಿವಾಟು ಎಷ್ಟೇ ಸಣ್ಣದಿರಲಿ ಜಿಎಸ್‌ಟಿ ನೋಂದಣಿ ಬೇಕು. ಉಪ್ಪಿನಕಾಯಿಯನ್ನು ಮುಂಬೈಗೆ ಕಳಿಸಲು ಹೊರಟವರು ಇದನ್ನು ಮರೆಯುತ್ತಾರೆ. ತಿನ್ನುವ ಪದಾರ್ಥವಾದರೆ ಆಹಾರ ಸುರಕ್ಷತಾ ಪ್ರಾಧಿಕಾರ ಕೊಡುವ 14 ಅಂಕೆಯ ಎಫ್‌ಎಸ್‌ಎಸ್‌ಎಐ ಸಂಖ್ಯೆ ಸೈಟಿನಲ್ಲಿ ಕಾಣಬೇಕು. 2020ರ ಇ-ಕಾಮರ್ಸ್ ನಿಯಮಗಳಂತೆ ದೂರು ಕೇಳುವವರ ಹೆಸರು, ಸಂಪರ್ಕ ಇರಬೇಕು; ದೂರು ಬಂದ 48 ಗಂಟೆಯೊಳಗೆ ತಲುಪಿತೆಂದು ತಿಳಿಸಬೇಕು, ಒಂದು ತಿಂಗಳಲ್ಲಿ ಬಗೆಹರಿಸಬೇಕು. ಪೇಮೆಂಟ್ ಗೇಟ್‌ವೇಯವರು (ಸೈಟಿನಲ್ಲಿ ಗಿರಾಕಿಯ ಹಣ ಪಡೆದು ನಿಮಗೆ ದಾಟಿಸುವ ಕಂಪನಿ) ಹಣ ವಾಪಸಿನ ನಿಯಮ, ಗೋಪ್ಯತೆಯ ಪುಟ ಇಲ್ಲದೆ ಖಾತೆ ತೆರೆಯುವುದಿಲ್ಲ, ಪ್ರತಿ ಪಾವತಿಗೆ ಸುಮಾರು 2 ಶೇಕಡಾ ಹಿಡಿಯುತ್ತಾರೆ. ದಿನಕ್ಕೆ ಐದು ಆರ್ಡರ್ ಇರುವವರೆಗೆ ವಾಟ್ಸಾಪ್ ಕ್ಯಾಟಲಾಗ್, ಯುಪಿಐ ಸಾಕು.

‘ನಮ್ಮ ಬ್ಯಾಂಕ್ ಖಾತೆ ಬದಲಾಗಿದೆ, ಇನ್ನು ಇದಕ್ಕೆ ಹಾಕಿ’ ಎಂದು ಸಪ್ಲೈಯರ್ ಮೇಲ್ ಕಳಿಸಿದ್ದಾರೆ.

ಮೇಲಿನಲ್ಲಿರುವ ನಂಬರಿಗಲ್ಲ, ನಿಮ್ಮ ಹಳೆಯ ಡೈರಿಯಲ್ಲಿರುವ ನಂಬರಿಗೆ ಫೋನ್ ಮಾಡಿ ಕೇಳಿ. ವಿಳಾಸದಲ್ಲಿ ಒಂದು ಅಕ್ಷರ ಆಚೀಚೆ ಇರುತ್ತದೆ, ಕೆಲವೊಮ್ಮೆ ಅವರ ಮೇಲ್‌ಬಾಕ್ಸೇ ಕಳ್ಳರ ಕೈಯಲ್ಲಿರುತ್ತದೆ. ಹಣ ಹಾಕಿಯಾಗಿದ್ದರೆ ಆ ಕ್ಷಣವೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ, ಬ್ಯಾಂಕಿಗೂ ತಿಳಿಸಿ. ನಾಳೆ ಬೆಳಿಗ್ಗೆ ನೋಡುವ ಎಂದು ಕೂರಬೇಡಿ. ನಿಮ್ಮ ಮೇಲಿಗೂ ಎರಡು ಹಂತದ ಲಾಗಿನ್ ಇವತ್ತೇ ಹಾಕಿ.

ಎಲ್ಲ ಮಗನ ಹೆಸರಲ್ಲಿ ಉಂಟು, ಅವನು ದುಬೈಯಲ್ಲಿ. ತೊಂದರೆ ಇಲ್ಲ ಅಲ್ವಾ?

ಮಗ ನಂಬಿಕಸ್ಥ, ತೊಂದರೆ ಒಟಿಪಿಯದ್ದು. ಅವನ ಊರಿನ ಸಿಮ್ ರೀಚಾರ್ಜ್ ಇಲ್ಲದೆ ನಿಂತಿದ್ದರೆ ಡೊಮೇನಿಗೂ ಹೋಗಲಾಗದು, ಮೇಲಿಗೂ ಹೋಗಲಾಗದು. ಅವನು ಮುಂದಿನ ಸಲ ರಜೆಗೆ ಬಂದಾಗ ಒಂದು ಮಧ್ಯಾಹ್ನ ಕೂರಿಸಿ. ರಿಜಿಸ್ಟ್ರಾರ್, ಹೋಸ್ಟಿಂಗ್, ಮೇಲಿನ ಅಡ್ಮಿನ್, ಬಿಸಿನೆಸ್ ಪ್ರೊಫೈಲ್ ನಾಲ್ಕರಲ್ಲೂ ನಿಮ್ಮ ನಂಬರ್ ಸೇರಿಸಿ. ಬಿಸಿನೆಸ್ ಪ್ರೊಫೈಲ್‌ನಲ್ಲಿ ಒಬ್ಬರಿಗಿಂತ ಹೆಚ್ಚು ಮಾಲೀಕರು ಇರಬಹುದು, ಅವನೂ ಇರಲಿ ನೀವೂ ಇರಿ. ಒಟಿಪಿ ಬಾರದಾಗ ಒಳಹೋಗಲು ಬೇಕಾಗುವ ರಿಕವರಿ ಕೋಡುಗಳನ್ನು ಪ್ರಿಂಟ್ ಹಾಕಿ ಅಂಗಡಿಯ ಲೈಸೆನ್ಸ್ ಇಡುವ ಫೈಲಿಗೆ ಸೇರಿಸಿ. ಪ್ಲಾಸ್ಟಿಕ್ ಕವರಿನೊಳಗೆ ಹಾಕಿ, ನಮ್ಮೂರಿನ ಮಳೆಗಾಲಕ್ಕೆ ಕಪಾಟಿನೊಳಗಿನ ಕಾಗದಕ್ಕೂ ಬೂಷ್ಟು ಹಿಡಿಯುತ್ತದೆ.